ಯೂಟಾ ಟ್ರಿಪ್ ಹೋಗೋರು ದಯವಿಟ್ಟು ಇಂಟರ್‌ಸ್ಟೇಟ್ ಬಿಟ್ಟು ಇಳೀರಿ

ಬೇಸಿಗೆ ಬಂತು ಅಂದ್ರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಶುರು, ಊರಿಂದ ಅಪ್ಪ ಅಮ್ಮ ಬಂದಿದಾರೆ, ಬ್ರೈಸ್ ಕ್ಯಾನಿಯನ್ ನ್ಯಾಷನಲ್ ಪಾರ್ಕ್ ಕಡೆ ಹೋಗ್ಬೇಕು, ಪ್ಲಾನ್ ಹೇಳಿ ಅಂತ. ಉತ್ತರನೂ ಯಾವಾಗ್ಲೂ ಅದೇ: ಐ-80 ಇಂಟರ್‌ಸ್ಟೇಟ್ (ರಾಜ್ಯ ರಾಜ್ಯ ದಾಟೋ ದೊಡ್ಡ ಎಕ್ಸ್‌ಪ್ರೆಸ್ ಹೆದ್ದಾರಿ) ಹಿಡಿದು ಸಾಲ್ಟ್ ಲೇಕ್ ಸಿಟಿ ಮುಟ್ಟಿ, ಅಲ್ಲಿಂದ ಕೆಳಗೆ ಬನ್ನಿ. ನಾನು ಇದನ್ನ ಖಂಡಿತ ಒಪ್ಪಲ್ಲ. ಮೊದಲನೇದಾಗಿ ಅದು ಸುತ್ತು ದಾರಿ, ಬ್ರೈಸ್ ಇರೋದು ಯೂಟಾದ ದಕ್ಷಿಣಕ್ಕೆ. ಎರಡನೇದು, ಇಷ್ಟು ದೊಡ್ಡ ದೇಶ ನೋಡೋಕೆ ಅಂತ ಹೊರಟವರು ದಿನವಿಡೀ ಟ್ರಕ್ಕುಗಳ ಹಿಂಭಾಗ ನೋಡ್ಕೊಂಡು ಯಾಕೆ ಹೋಗ್ಬೇಕು ಹೇಳಿ.

ಇಂಟರ್‌ಸ್ಟೇಟ್ ಬೇಡವೇ ಬೇಡ ಅಂತಿಲ್ಲ. 1919ರಲ್ಲಿ ಸೈನ್ಯದ ವಾಹನಗಳ ದಂಡೊಂದು ವಾಷಿಂಗ್ಟನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ತಲುಪೋಕೆ ಎರಡು ತಿಂಗಳು ಒದ್ದಾಡಿತ್ತು, ಅದರಲ್ಲಿ ಐಸೆನ್‌ಹೋವರ್ ಅನ್ನೋ ಕಿರಿಯ ಅಧಿಕಾರಿನೂ ಇದ್ರು, ಮುಂದೆ ಅಧ್ಯಕ್ಷರಾಗಿ 1956ರಲ್ಲಿ ಇಂಟರ್‌ಸ್ಟೇಟ್ ಕಾಯ್ದೆಗೆ ಸಹಿ ಹಾಕಿದ್ದು ಅವರೇ. ಬೇಗ ಮುಟ್ಟಿಸ್ಲಿ ಅಂತ ಕಟ್ಟಿದ್ದು, ಮುಟ್ಟಿಸುತ್ತೆ. ಆದ್ರೆ ಅದು ಸಣ್ಣ ಊರುಗಳ ಪೇಟೆಯೊಳಗೆ ಹೋಗಲ್ಲ. 1926ರಲ್ಲಿ ಶುರುವಾದ ರೂಟ್ 66, ಚಿಕಾಗೋದಿಂದ ಸಾಂಟಾ ಮೋನಿಕಾದವರೆಗೆ ಎಷ್ಟೋ ಊರುಗಳಿಗೆ ಅನ್ನ ಹಾಕಿದ ರಸ್ತೆ, ಪಕ್ಕದಲ್ಲಿ ಇಂಟರ್‌ಸ್ಟೇಟ್ ಬಂತು, ಗಿರಾಕಿಗಳು ಹೋದ್ರು, 1985ರಲ್ಲಿ ಅದರ ನಂಬರೇ ತೆಗೆದುಬಿಟ್ರು.

ಯೂಟಾಕ್ಕೆ ಹೋಗೋಕೆ ನನ್ನ ಮಟ್ಟಿಗೆ ಯುಎಸ್ 50 ಅನ್ನೋ ಹಳೇ ಹೆದ್ದಾರಿ ಬಿಟ್ರೆ ಬೇರೆ ದಾರಿ ಇಲ್ಲ. ವೆಸ್ಟ್ ಸ್ಯಾಕ್ರಮೆಂಟೋದಲ್ಲಿ ಶುರುವಾಗೋ ಜಾಗದಲ್ಲೇ ಒಂದು ಬೋರ್ಡ್ ಇದೆ, ಮೇರಿಲ್ಯಾಂಡಿನ ಓಷನ್ ಸಿಟಿ 3073 ಮೈಲಿ ಅಂತ! ಆ ಕಡೆ ಸಮುದ್ರದವರೆಗೂ ಇದೇ ರಸ್ತೆ. ಟಾಹೋ ಸರೋವರ ದಾಟಿ ನೆವಾಡಾಗೆ ಇಳಿದು ಫ್ಯಾಲನ್ ಊರು ಬಿಟ್ಟಮೇಲೆ ಶುರುವಾಗುತ್ತೆ ನೋಡಿ, ಒಂದು ಬೆಟ್ಟದ ಸಾಲು ಹತ್ತು, ಇಳಿ, ನೆಟ್ಟಗೆ ದಾರ ಹಿಡಿದು ಎಳೆದ ಹಾಗೆ ಬಯಲು, ಮತ್ತೆ ಬೆಟ್ಟ, ಮತ್ತೆ ಬಯಲು, ಈಲಿ ಊರಿನವರೆಗೂ ಹಿಂಗೇ. 1986ರಲ್ಲಿ ಲೈಫ್ ಪತ್ರಿಕೆ ಇದನ್ನ ಅಮೆರಿಕದ ಅತ್ಯಂತ ಒಂಟಿ ರಸ್ತೆ ಅಂತ ಕರೀತು, ನೆವಾಡಾದವರು ಬೇಜಾರು ಮಾಡ್ಕೊಳ್ಳದೆ ಅದೇ ಹೆಸರನ್ನ ಬೋರ್ಡ್ ಮಾಡಿ ನಿಲ್ಲಿಸಿದ್ರು.

ನಮ್ಮ ಮಾವ ಚಳ್ಳಕೆರೆ ಕಡೆಯವರು, ಶೇಂಗಾ ಬೆಳೆದವರು. ಗೋಲ್ಡನ್ ಗೇಟ್ ಸೇತುವೆ ಹತ್ರ ಎರಡು ನಿಮಿಷ ನಿಂತು ಹೋಗೋಣ ಅಂದವರು, ಆಸ್ಟಿನ್ ಊರು ದಾಟಿದ ಮೇಲೆ ಕಾರು ನಿಲ್ಲಿಸು ಅಂದ್ರು. ಇಳಿದು ರಸ್ತೆ ಪಕ್ಕದ ಬೂದು ಬಣ್ಣದ ಗಿಡ ಚಿವುಟಿ ಮೂಸಿದ್ರು (ಸೇಜ್‌ಬ್ರಷ್, ಘಾಟು ವಾಸನೆ), ಕಾಲಲ್ಲಿ ಮಣ್ಣು ಕೆದರಿ ನೋಡಿದ್ರು, "ಈ ಪಾಟಿ ನೆಲ ಬಿದ್ದೈತಲ್ಲಮ್ಮ, ಮಳೆ ಎಷ್ಟಾಗುತ್ತೆ ಇಲ್ಲಿ?" ಅಂದ್ರು. ವರ್ಷಕ್ಕೆ ಹತ್ತಿಂಚಿನ ಆಸುಪಾಸು, ಇಡೀ ದೇಶದಲ್ಲೇ ಕಮ್ಮಿ ಮಳೆ ಬೀಳೋ ರಾಜ್ಯ ಇದು, ಬಿದ್ದ ನೀರೂ ಸಮುದ್ರಕ್ಕೆ ಹೋಗಲ್ಲ, ಇಲ್ಲೇ ಬಯಲಲ್ಲಿ ಇಂಗಿ ಆವಿಯಾಗುತ್ತೆ ಅಂತ ಹೇಳಿದೆ. ಅಲ್ಲಿಂದ ಈಲಿ ಮುಟ್ಟೋವರೆಗೂ ಪ್ರಶ್ನೆ ಮೇಲೆ ಪ್ರಶ್ನೆ, ದನ ಏನು ತಿನ್ನುತ್ತೆ, ಬೋರ್ ಎಷ್ಟು ಆಳ, ಹೊಲದ ಬೆಲೆ ಎಷ್ಟು. ಹಿರಿಯರಿಗೆ ಬೋರ್ ಆಗುತ್ತೆ, ಸಿಟಿ ತೋರಿಸಿ ಸಾಕು ಅನ್ನೋರಿಗೆ ನಾನು ಇದನ್ನೇ ಹೇಳೋದು. ನೆಲ ನೋಡಿ ಬದುಕಿದವರಿಗೆ ನೆಲ ತೋರಿಸ್ರಪ್ಪ.

ಆಮೇಲೆ ಯೂಟಾ 12 ಅನ್ನೋ ರಾಜ್ಯ ಹೆದ್ದಾರಿ. ಪ್ಯಾಂಗ್ವಿಚ್ ಹತ್ರ ಶುರುವಾಗಿ ಟೋರಿವರೆಗೆ ಸುಮಾರು 120 ಮೈಲಿ, ಬ್ರೈಸ್ ಇದೇ ದಾರಿಯಲ್ಲಿ ಸಿಗುತ್ತೆ. ಜನ ಬ್ರೈಸ್ ನೋಡಿ ವಾಪಸ್ ತಿರುಗ್ತಾರೆ, ನಂಗೆ ಹೊಟ್ಟೆ ಉರಿಯೋದು ಅಲ್ಲೇ, ಯಾಕಂದ್ರೆ ಚೆಂದ ಇರೋದು ಎಸ್ಕಲಾಂಟೆ ಊರು ಆದ್ಮೇಲೆ. ಹಾಗ್‌ಬ್ಯಾಕ್ ಅನ್ನೋ ಕಡೆ ರಸ್ತೆ ಬಂಡೆಯ ಬೆನ್ನಿನ ಮೇಲೇ ಹೋಗುತ್ತೆ, ಎಡಕ್ಕೂ ಪ್ರಪಾತ ಬಲಕ್ಕೂ ಪ್ರಪಾತ, ತಡೆಗೋಡೆ ಇಲ್ಲ, ಅತ್ತೆ ಕಣ್ಣು ಮುಚ್ಕೊಂಡು ರಾಯರ ಸ್ತೋತ್ರ ಹೇಳ್ತಿದ್ರು. ಮುಂದಿನ ಬೌಲ್ಡರ್ ಊರಿಗೆ 1930ರ ದಶಕದಲ್ಲೂ ಟಪಾಲು ಬರ್ತಿದ್ದದ್ದು ಹೇಸರಗತ್ತೆ ಮೇಲೆ. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಇಲ್ಲದ ಹುಡುಗರಿಗೆ ಸರ್ಕಾರ ಸಂಬಳ ಕೊಟ್ಟು ಈ ಕಡೆ ರಸ್ತೆ ಕಡಿಸ್ತು, ಆ ಬಂಡೆ ನೋಡಿದ್ರೆ ಅವರ ಶ್ರಮ ಗೊತ್ತಾಗುತ್ತೆ. ಟೋರಿ ಪಕ್ಕದ ಕ್ಯಾಪಿಟಲ್ ರೀಫ್ ಪಾರ್ಕಲ್ಲಿ ಹಳೇ ಮಾರ್ಮನ್ ಪಂಥದ ಜನ ನೆಟ್ಟ ಹಣ್ಣಿನ ತೋಟ ಇದೆ, ಕೊಯ್ಲಿನ ಟೈಮಲ್ಲಿ ಮರದ ಕೆಳಗೆ ನಿಂತು ತಿಂದ್ರೆ ದುಡ್ಡಿಲ್ಲ, ಮನೆಗೆ ತಗೊಂಡು ಹೋದ್ರೆ ಮಾತ್ರ ಕೊಡ್ಬೇಕು.

ನ್ಯೂಜೆರ್ಸಿ, ವರ್ಜೀನಿಯಾ ಕಡೆಯವರಿಗೆ ಬ್ಲೂ ರಿಡ್ಜ್ ಪಾರ್ಕ್‌ವೇ ಇದೆ, 469 ಮೈಲಿ, ಗಂಟೆಗೆ 45 ಮೈಲಿ ಮಿತಿ, ಲಾರಿಗೆ ಪ್ರವೇಶ ಇಲ್ಲ. 1935ರಲ್ಲಿ ಶುರು ಮಾಡಿದ್ದು ಪೂರ್ತಿ ಮುಗಿದಿದ್ದು 1987ರಲ್ಲಿ. ನೋಡ್ತಾ ಹೋಗ್ಲಿ ಅಂತಲೇ ಸರ್ಕಾರ ಕಟ್ಟಿದ ರಸ್ತೆ ಅದು.

ಹೋಗೋರಿಗೆ ಇಷ್ಟು ಹೇಳ್ತೀನಿ. ಫ್ಯಾಲನ್‌ನಿಂದ ಆಸ್ಟಿನ್ 110 ಮೈಲಿ, ಈಲಿಯಿಂದ ನೆವಾಡಾ ದಾಟಿ ಯೂಟಾದ ಡೆಲ್ಟಾಗೆ ಹೋಗೋವಾಗ ಇನ್ನೂ ದೂರ, ಹಾಗಾಗಿ ಬಂಕ್ ಕಂಡಲ್ಲೆಲ್ಲ ಪೆಟ್ರೋಲ್ ತುಂಬಿಸಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಸಿಗ್ನಲ್ ಸಿಗಲ್ಲ. ಸಣ್ಣ ಊರಲ್ಲಿ ಸಸ್ಯಾಹಾರ ಅಂದ್ರೆ ಬ್ರೆಡ್ ಚೀಸ್ ಅಷ್ಟೇ, ರೈಸ್ ಕುಕ್ಕರ್ರು ಪುಳಿಯೋಗರೆ ಗೊಜ್ಜು ಡಿಕ್ಕೀಲಿ ಇರ್ಲಿ. ಯೂಟಾ 12ನ ಕತ್ತಲಲ್ಲಿ ಓಡಿಸ್ಬೇಡಿ, ಜಿಂಕೆ, ದನ ರಸ್ತೆಗೆ ಬರುತ್ವೆ, ಅದೂ ಅಲ್ದೆ ಕತ್ತಲಲ್ಲಿ ಹೋದ್ರೆ ಏನು ನೋಡಿದ ಹಾಗಾಯ್ತು.