ಮಗಳ ಸೀಟೂ ಮಾವನ ಪಹಣಿಯೂ

ಮಗಳು ಬಿಎಸ್‌ಸಿ ಅಗ್ರಿ ಓದ್ತೀನಿ ಅಂದಾಗ ನಮ್ಮನೆಯಲ್ಲಿ ಎಲ್ಲರಿಗೂ ಖುಷಿಯೇ. ತೀರ್ಥಹಳ್ಳಿ ಕಡೆಯ ಒಂದೂವರೆ ಎಕರೆ ಅಡಿಕೆ ತೋಟದವರು ನಾವು. ಕೃಷಿಕರ ಮಕ್ಕಳ ಕೋಟಾ ಇದೆ, ಗ್ರಾಮೀಣ ಕೋಟಾ ಇದೆ, ಒಂದರಿಂದ ಹತ್ತರವರೆಗೆ ಓದಿದ್ದೂ ಕನ್ನಡ ಮಾಧ್ಯಮದಲ್ಲೇ, ಅದಕ್ಕೂ ಒಂದು ಕೋಟಾ ಇದೆ. ಇಷ್ಟೆಲ್ಲ ಇದ್ದ ಮೇಲೆ ಸೀಟು ತಾನಾಗಿ ಬಾಗಿಲಿಗೆ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಕಾಗದಪತ್ರಗಳ ಪಟ್ಟಿ.

ಕೃಷಿಕರು ಅನ್ನೋದಕ್ಕೆ ಪುರಾವೆ ಬೇಕಲ್ಲ, ಪಹಣಿ ತೆಗೆಸಿದೆವು. ಅದರಲ್ಲಿ ಇನ್ನೂ ನಮ್ಮ ಮಾವನವರೇ ಇದ್ದಾರೆ! ಅವರು ತೀರಿಕೊಂಡು ಹನ್ನೊಂದು ವರ್ಷ. ಪೌತಿ ಖಾತೆ ಮಾಡಿಸಿ ತೋಟ ನಮ್ಮ ಹೆಸರಿಗೆ ಬರೆಸಿಕೊಳ್ಳಬೇಕು ಅಂತ ನಮ್ಮನೆಯವರು ಪ್ರತಿ ದೀಪಾವಳಿಗೂ ಹೇಳುತ್ತಾರೆ, ಅಡಿಕೆ ಕೊಯ್ಲು ಮುಗಿಯಲಿ ಅಂತ ಪ್ರತಿ ದೀಪಾವಳಿಗೂ ಮುಂದಕ್ಕೆ ಹಾಕುತ್ತಾರೆ. ಹಾಗಾದರೆ ವಂಶವೃಕ್ಷ ಮಾಡಿಸಿ ಅಂದರು ನಾಡಕಚೇರಿಯಲ್ಲಿ. ಅದಕ್ಕೆ ಮಾವನ ಮಕ್ಕಳೆಲ್ಲರ ಹೆಸರು ಬೇಕು. ಮುಂಬೈಯಲ್ಲಿರುವ ನಾದಿನಿಗೆ ಶಾಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು, ನಾವು ಕರೆಯೋದು ಮೂರನೆಯದು. ಇನ್ನು ನಮ್ಮ ಭಾವನವರು ಮಾತು ಬಿಟ್ಟೇ ಎಂಟು ವರ್ಷ ಆಗಿತ್ತು. ಅಣ್ಣನಿಗೆ ಫೋನ್ ಮಾಡಲು ಇವರು ಅಂಗಳದಲ್ಲಿ ಅರ್ಧ ಗಂಟೆ ಶತಪಥ ಹಾಕಿದರು. ಜಗಳ ಯಾಕೆ ಶುರುವಾಗಿದ್ದು ಅಂತ ಇಬ್ಬರಿಗೂ ಸರಿಯಾಗಿ ನೆನಪಿಲ್ಲ ಅಂತ ಫೋನಿನಲ್ಲಿ ಗೊತ್ತಾಯಿತಂತೆ. ಆಧಾರ್ ನಂಬರ್ ಬರೆದುಕೊಂಡು, ಮಳೆ ಹೇಗಿದೆ ಅಂತ ಕೇಳಿ ಇಟ್ಟರು.

ನಾಡಕಚೇರಿಗೆ ಎಷ್ಟು ಸಲ ಹೋದೆವು ಅನ್ನೋದು ಬೇಡ. ವ್ಯಾಸಂಗ ಪ್ರಮಾಣ ಪತ್ರಕ್ಕೆ ಬಿಇಒ ಸಹಿ ಬೇಕು ಅಂತ ಮೂರು ದಿನ ಓಡಾಡಿದ್ದೂ ಬೇಡ.

ಕೃಷಿಕರ ಕೋಟಾಕ್ಕೆ ಬೇರೆಯೇ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಸಲಕರಣೆ ಎಲ್ಲ ಮುಂದಿಟ್ಟು ಇದೇನು ಅಂತ ಕೇಳುತ್ತಾರೆ. ರೈತರ ಮಕ್ಕಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಅನ್ನೋ ಲೆಕ್ಕ. ಬಯಲುಸೀಮೆ ಮಕ್ಕಳಿಗೆ ಇರಬಹುದು. ನಮ್ಮ ಕೂಸಿಗೆ ಗೊತ್ತಿರೋದು ಅಡಿಕೆ, ಕಾಳುಮೆಣಸು, ಏಲಕ್ಕಿ, ಬಿಟ್ಟರೆ ಸೊಸೈಟಿ ಅಕ್ಕಿ. ಸಜ್ಜೆ, ನವಣೆ, ಸಾಮೆ, ಹಾರಕ ಎಲ್ಲ ನೂರು ನೂರು ಗ್ರಾಂ ಪೇಟೆಯಿಂದ ತಂದೆ. ರೈತರ ಮನೆಗೆ ಬೀಜ ಅಂಗಡಿಯಿಂದ! ರಾತ್ರಿ ಕಾಫಿ ಲೋಟದಲ್ಲಿ ಒಂದೊಂದನ್ನೇ ಹಾಕಿ ಸಾಲಾಗಿ ಇಟ್ಟು ಕೇಳುತ್ತಿದ್ದೆ. ಕರೆಂಟ್ ಹೋಯಿತು. ನಾವು ಮೇಣದ ಬತ್ತಿ ಹುಡುಕುವಷ್ಟರಲ್ಲಿ, ಕತ್ತಲಲ್ಲೂ ಅಡುಗೆಮನೆ ಚೊಕ್ಕಟ ಇರಬೇಕು ಅನ್ನೋ ನಮ್ಮತ್ತೆ ಎಲ್ಲ ಲೋಟಗಳನ್ನೂ ಉದ್ದಿನಬೇಳೆ ಡಬ್ಬಕ್ಕೆ ಸುರಿದು ತೊಳೆದಿಟ್ಟಿದ್ದರು. ಆ ವಾರ ಪೂರ್ತಿ ನಮ್ಮ ದೋಸೆ ಒಂಥರಾ ಬೂದು ಬಣ್ಣಕ್ಕಿತ್ತು. ಸಿರಿಧಾನ್ಯದ ದೋಸೆ ಅಂತ ಶಿವಮೊಗ್ಗದಲ್ಲಿ ಇದನ್ನೇ ದುಡ್ಡು ಕೊಟ್ಟು ತಿನ್ನುತ್ತಾರೆ, ಸುಮ್ನೆ ತಿನ್ನಿ ಅಂದೆ.

ಪರೀಕ್ಷೆ ಮುಗಿಸಿ ಬಂದವಳು, "ಅಮ್ಮಾ, ಬೀಜ ಬಿತ್ತೋ ಕೂರಿಗೆ ಇಟ್ಟಿದ್ರು. ಶ್ಯಾವಿಗೆ ಒರಳು ಅಂತ ಬಾಯಿ ತುದಿಗೆ ಬಂದಿತ್ತು" ಅಂದಳು.

ಹೆಂಗೋ ರ‍್ಯಾಂಕ್ ಬಂತು. ಆಮೇಲೆ ಆಪ್ಷನ್ ಎಂಟ್ರಿ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅಂತ ಆದ್ಯತೆ ಕೊಡೋದು. ಮೊದಲು ಶಿವಮೊಗ್ಗದ ನವುಲೆ ಕೃಷಿ ಕಾಲೇಜು, ಆಮೇಲೆ ಮೂಡಿಗೆರೆ, ಶಿರಸಿ, ಪೊನ್ನಂಪೇಟೆ ಹೀಗೆ ಕ್ಯಾಲೆಂಡರ್ ಹಿಂದೆ ಬರೆದುಕೊಂಡಿದ್ದೆವು. ಕೊನೆಯಲ್ಲಿ ಇರಲಿ ಅಂತ ಬೀದರ್. ಜಡಿಮಳೆ ಸ್ವಲ್ಪ ಬಿಟ್ಟು ಬರೀ ಹನಿ ಬೀಳುತ್ತಿದ್ದ ಹೊತ್ತು. ಮನೆಯಲ್ಲಿ ನೆಟ್ ಇಲ್ಲ. ನಮ್ಮೂರಲ್ಲಿ ನೆಟ್ ಸಿಗೋದು ಹಾಡಿ ದಾಟಿ ಹೋದರೆ ಸಿಗುವ ಬಂಡೆ ಮೇಲೆ ಮಾತ್ರ, ಅದೂ ಈಶಾನ್ಯಕ್ಕೆ ಮುಖ ಮಾಡಿ ನಿಂತರೆ. ನಾನು ಕೊಡೆ ಕೆಳಗೆ ಕೂತು ಒತ್ತೋದು, ಅವಳು ಕೊಡೆ ಹಿಡಿಯೋದು ಅಂತ ಒಪ್ಪಂದ. ಆದರೆ ಅವಳಿಗೆ ಉಂಬಳ, ಅದೇ ರಕ್ತ ಹೀರುವ ಜಿಗಣೆ, ಅಂದರೆ ಜೀವಭಯ. ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡಿದ್ದರೂ ಕುಣಿಯುತ್ತಲೇ ಇದ್ದಳು, ಜೊತೆಗೆ ಕೊಡೆಯೂ ಕುಣಿಯುತ್ತಿತ್ತು.

ಓಟಿಪಿ ಹೋಗೋದು ಇವರ ಫೋನಿಗೆ. ಇವರು ಕೆಳಗೆ ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದರು. ಮರ ಹತ್ತುವ ಕೊನೆಗೌಡ ಸಿಕ್ಕ ದಿನ ಬಿಟ್ಟರೆ ಮತ್ತೆ ಸಿಗೋದು ದೇವರಿಗೇ ಗೊತ್ತು, ಹಾಗಾಗಿ ಬನ್ನಿ ಅನ್ನೋ ಹಾಗಿಲ್ಲ. ಮೆಸೇಜ್ ನೋಡಿ ಅಲ್ಲಿಂದಲೇ ಕೂಗಿದರು.

"ನಾಲ್ಕು! ಏಳು!"

"ಹೇಳಬೇಕಾದ್ದು ನೀವು! ಎಂತ ಹೇಳೋದು ನಾನು?"

"ಏಳು ಮಾರಾಯ್ತಿ, ಏಳು!"

ಕೂತಿದ್ದವಳು ಎದ್ದು ನಿಂತೆ. ಅಷ್ಟರಲ್ಲಿ ಓಟಿಪಿಯ ಹೊತ್ತು ಮುಗಿದಿತ್ತು. ಮೂರನೇ ಸಲಕ್ಕೆ ಸರಿಹೋಯಿತು, ಗಡಿಬಿಡಿಯಲ್ಲಿ ಒತ್ತಿ ಮುಗಿಸಿದೆ.

ಅಣಕು ಹಂಚಿಕೆ, ಅಂದರೆ ನಿಜವಾದ ಸೀಟು ಹಂಚಿಕೆಗೆ ಮುಂಚಿನ ತಾಲೀಮು, ಬಂದಾಗ ನೋಡಿದರೆ ಬೀದರಿನ ತೋಟಗಾರಿಕೆ ಕಾಲೇಜು! ನವುಲೆಗೆ 1 ಬೀಳಬೇಕಿತ್ತು, ಬೀದರಿಗೆ 11. ಒದ್ದೆ ಬೆರಳಲ್ಲಿ ನಾನು ಅದಲುಬದಲು ಮಾಡಿದ್ದೆ. ಮಗಳು ನನ್ನನ್ನು ನೋಡಿದ ರೀತಿ ಬರೆಯೋಕೆ ಬರಲ್ಲ. ಅತ್ತೆ ಮಾತ್ರ ಗಂಭೀರವಾಗಿ, "ಬೀದರ್‌ನಲ್ಲಿ ಕವಳಕ್ಕೆ ಒಳ್ಳೆ ಅಡಿಕೆ ಸಿಗ್ತದಾ? ಕಳಿಸಬೇಕಾಗ್ತದಾ?" ಅಂದರು. ಅಣಕು ಹಂಚಿಕೆ ಆದ ಮೇಲೆ ಪಟ್ಟಿ ತಿದ್ದಬಹುದು ಅಂತ ಗೊತ್ತಾಗಿ ಮತ್ತೆ ಬಂಡೆ ಹತ್ತಿದೆವು. ಈ ಸಲ ಫೋನ್ ಅವಳ ಕೈಯಲ್ಲಿ, ಕೊಡೆ ನನ್ನ ಕೈಯಲ್ಲಿ.

ಮೊದಲ ಸುತ್ತಿನಲ್ಲಿ ಮೂಡಿಗೆರೆ ಸಿಕ್ಕಿತು. ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೂ ಕಾಯುವ ಚಾಯ್ಸ್ ಎರಡು ಕೊಟ್ಟೆವು. ಎರಡನೇ ಸುತ್ತಿಗೆ ನವುಲೆ ಬಂತು. ಭಾವನವರಿಗೆ ಇವರೇ ಫೋನ್ ಮಾಡಿ ಹೇಳಿದರು. ಈ ಸಲ ಶತಪಥ ಇಲ್ಲ.

ಸೇರುವ ದಿನ ದಾಖಲೆ ನೋಡುತ್ತಿದ್ದವರು ವ್ಯಾಸಂಗ ಪತ್ರದ ಮೂಲೆಯಲ್ಲಿ ನಿಂತರು. ಅಲ್ಲೊಂದು ನೀಲಿ ಹೆಬ್ಬೆಟ್ಟಿನ ಗುರುತು. ತೋಟದಿಂದ ಬಂದ ಕೈಯಲ್ಲೇ ಇವರು ಫೈಲ್ ಜೋಡಿಸಿದ್ದರು.

"ಇದೆಂತದಮ್ಮಾ ಕಲೆ?"

"ಬೋರ್ಡೋ ದ್ರಾವಣ ಸಾರ್. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು" ಅಂದಳು ಮಗಳು ಒಂದೇ ಉಸಿರಿಗೆ.

"ಓಹೋ, ಪ್ರಾಕ್ಟಿಕಲ್‌ನಲ್ಲಿ ಇದನ್ನೇ ಕೇಳಿದ್ರಾ?"

"ಇಲ್ಲ ಸಾರ್. ನವಣೆ ಕೇಳಿದ್ರು."