ಅಂಗನವಾಡಿ ಸಹಾಯಕಿಗೆ ಅರ್ಧ ಗೌರವಧನ ಯಾಕೆ?

ನಮ್ಮ ಹಾವೇರಿ ಜಿಲ್ಲೆಯ ಯಾವ ಊರಿಗಾದರೂ ಹೋಗಿ ಅಂಗನವಾಡಿ ಬಗ್ಗೆ ಕೇಳಿ. ಜನ ಅಕ್ಕೋರ, ಅಂದರೆ ಕಾರ್ಯಕರ್ತೆಯ ಬಗ್ಗೆಯೇ ಮಾತಾಡುತ್ತಾರೆ. ಅಕ್ಕೋರು ಚಲೋ ಕಲಸ್ತಾರ, ಅಕ್ಕೋರು ಇವತ್ತ ಮೀಟಿಂಗಿಗೆ ಹೋಗ್ಯಾರ. ಸಹಾಯಕಿಯ ಮಾತು ಬರುವುದೇ ಇಲ್ಲ. ನನಗೆ ಇದು ಬಹಳ ದಿನದಿಂದ ಬೇಸರ ತಂದಿರುವ ವಿಷಯ.

ಬೆಳಿಗ್ಗೆ ಬಾಗಿಲು ತೆಗೆಯುವವರು ಅವರು. ಕಸ ಗುಡಿಸಿ, ನೀರು ತುಂಬಿಸಿ, ಓಣಿ ಓಣಿ ತಿರುಗಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಳುವ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡೇ ಒಲೆ ಹಚ್ಚುತ್ತಾರೆ. ಹಾಲು, ಊಟ, ಮೊಟ್ಟೆ ಎಲ್ಲ ಅವರ ಕೈಯಿಂದಲೇ ಆಗಬೇಕು. ಚಡ್ಡಿ ಒದ್ದೆ ಮಾಡಿಕೊಂಡ ಮಗುವನ್ನು ತೊಳೆಯುವುದೂ ಅವರೇ. 2017ರಲ್ಲಿ ಮಾತೃಪೂರ್ಣ ಶುರುವಾದ ಮೇಲೆ ಗರ್ಭಿಣಿ, ಬಾಣಂತಿಯರ ಬಿಸಿಯೂಟವೂ ಸೇರಿತು.

ಕಾರ್ಯಕರ್ತೆಯರನ್ನು ನಾನು ದೂರುತ್ತಿಲ್ಲ. ಅವರ ಕೆಲಸ ಎಷ್ಟು ಬೆಳೆದಿದೆ ನೋಡಿ. 1975ರಲ್ಲಿ ಅಂಗನವಾಡಿಗಳನ್ನು ತಂದ ಕೇಂದ್ರದ ಯೋಜನೆ ಐಸಿಡಿಎಸ್ ಶುರುವಾದಾಗ ಇದ್ದದ್ದು ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಕಲಿಕೆ ಇಂಥವು. ಈಗ ಅದರ ಜೊತೆಗೆ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಹಾಜರಿ, ತೂಕ, ಎತ್ತರ ತುಂಬಬೇಕು. ಎಷ್ಟೋ ಜನಕ್ಕೆ ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸವೂ ಇದೆ. ಸಿಗ್ನಲ್ ಸಿಗದಿದ್ದರೆ ಮೊಬೈಲ್ ಹಿಡಿದು ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಆಗ ಒಳಗೆ ಹಾಡು ಹೇಳಿಸುವವರು ಯಾರು? ಸಹಾಯಕಿಯೇ ಅಲ್ವಾ.

ಬ್ಯಾಡಗಿ ಕಡೆ ಮೆಣಸಿನಕಾಯಿ ಸೀಸನ್ ಬಂದರೆ ಇದು ಇನ್ನೂ ಜಾಸ್ತಿ. ತಾಯಂದಿರು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗಿರುತ್ತಾರೆ. ಕೇಂದ್ರ ಮುಚ್ಚುವ ಹೊತ್ತಿಗೆ ಅವರ ಕೂಲಿ ಕೆಲಸ ಮುಗಿದಿರುವುದಿಲ್ಲ. ಸಹಾಯಕಿ ಅದೇ ಓಣಿಯವರು. "ಇರಲಿ ಬಿಡ್ರಿ, ನಮ್ಮನ್ಯಾಗ ಆಡ್ಲಿ" ಅಂತ ಮಗುವನ್ನು ಮನೆಗೇ ಕರೆದೊಯ್ಯುತ್ತಾರೆ. ಆ ಹೊತ್ತು ಯಾವ ರಿಜಿಸ್ಟರಿನಲ್ಲೂ ಇಲ್ಲ.

ಮೂರು ವರ್ಷದೊಳಗಿನ ಕೂಸುಗಳಿಗೆ ಪಂಚಾಯ್ತಿಯ ಶಿಶುಪಾಲನಾ ಕೇಂದ್ರ ಕೂಸಿನ ಮನೆ ಬಂದಿದೆ, ಒಳ್ಳೆಯದೇ. ಆದರೆ ಅಲ್ಲಿ ನೋಡಿಕೊಳ್ಳುವವರು ಉದ್ಯೋಗ ಖಾತ್ರಿ ಕೂಲಿಯ ಮೇಲೆ ಸರದಿಯಂತೆ ಬರುವ ಹೆಣ್ಣುಮಕ್ಕಳು. ಅಷ್ಟು ಸಣ್ಣ ಕೂಸಿಗೆ ದಿನಾ ಅದೇ ಮುಖ ಬೇಕು.

ದುಡ್ಡಿನ ಮಾತಿಗೆ ಬರೋಣ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗೌರವಧನ ಏರಿಸಿದಾಗ ತಿಂಗಳಿಗೆ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ಎಂದಿತ್ತು. ಸರಿಯಾಗಿ ಅರ್ಧ. ರಾಜ್ಯ ತನ್ನ ಪಾಲು ಸೇರಿಸುತ್ತದೆ. 2025ರ ಬಜೆಟ್‌ನಲ್ಲಿ ಅದು ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ಹೆಚ್ಚು ಮಾಡಿತು. ಇಲ್ಲಿ ಅರ್ಧಕ್ಕಿಂತ ಮೇಲೆ ಬಂದದ್ದು ನನಗೆ ಖುಷಿ. 2022ರಲ್ಲಿ ಸುಪ್ರೀಂ ಕೋರ್ಟ್ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಹಕ್ಕು ಹೇಳಿದಾಗಲೂ ಇಬ್ಬರನ್ನೂ ಸೇರಿಸಿತ್ತು. ಈಗ ಸಹಾಯಕಿ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಕೇಳುತ್ತಾರೆ. ಓದಿದವರೇ ಬೇಕು ಅಂದ ಮೇಲೆ ಸುಮ್ನೆ ಕಸ, ಅಡುಗೆ ಅಂತ ಬಿಟ್ಟರೆ ಹೇಗೆ? ಮಕ್ಕಳ ಕಲಿಕೆಯ ತರಬೇತಿ ಅವರಿಗೂ ಪೂರ್ತಿ ಕೊಡಬೇಕು. ಒಬ್ಬರು ರಜೆ ಹಾಕಿದರೆ ಬದಲಿಗೆ ಬರುವವರೂ ಇರಬೇಕು. ಇಪ್ಪತ್ತು ಮಕ್ಕಳನ್ನೂ ಉರಿಯುವ ಒಲೆಯನ್ನೂ ಒಬ್ಬರೇ ನೋಡಿಕೊಳ್ಳುವುದು ಅಪಾಯ.

ಇದನ್ನು ಓದುತ್ತಿರುವವರಲ್ಲಿ ನಿಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಇರುವ ತಾಯಂದಿರಿದ್ದರೆ ಒಂದು ವಿನಂತಿ. ಮುಂದಿನ ಸಭೆಯಲ್ಲಿ ಸಹಾಯಕಿಯನ್ನು ಚಹಾ ಕೊಡಲು ಕಳಿಸಬೇಡಿ, ಕೂರಿಸಿಕೊಂಡು ಮಾತಾಡಿಸಿ. ಅವರು ಹೇಳಿದ್ದನ್ನು ಠರಾವಿನಲ್ಲಿ ಬರೆಸಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಆಫೀಸಿಗೆ ಕಳಿಸಿ.