ನಿಂತೇ ಕೇಳಬೇಕಾ?

ವಾಟ್ಸಾಪ್‌ನಲ್ಲಿ ಆಗಾಗ ಸುತ್ತಿ ಬರುವ ಕಥೆಯೊಂದಿದೆ. ನೀವೂ ಓದಿರುತ್ತೀರಿ. 2007ರ ಜನವರಿಯಲ್ಲಿ ಹೆಸರಾಂತ ಪಿಟೀಲು ವಾದಕ ಜೋಶುವಾ ಬೆಲ್, ವಾಷಿಂಗ್ಟನ್‌ನ ಒಂದು ಮೆಟ್ರೋ ನಿಲ್ದಾಣದಲ್ಲಿ ಮಾಮೂಲಿ ಟೋಪಿ ಹಾಕಿಕೊಂಡು 43 ನಿಮಿಷ ನುಡಿಸಿದರು. ಕೈಯಲ್ಲಿದ್ದದ್ದು 1713ರ ಪಿಟೀಲು. ಹಾದುಹೋದವರು ಸಾವಿರಕ್ಕೂ ಜಾಸ್ತಿ, ನಿಂತು ಕೇಳಿದವರು 7 ಜನ. ಸಿಕ್ಕ ದುಡ್ಡು 32 ಡಾಲರ್ ಚಿಲ್ಲರೆ.

ಇದು ಕಟ್ಟುಕಥೆಯಲ್ಲ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮಾಡಿಸಿದ್ದ ಪ್ರಯೋಗ. ಆದರೆ ಅದರ ಬಾಲಕ್ಕೆ ನಮ್ಮವರು ಅಂಟಿಸುವ ನೀತಿ ಇದೆಯಲ್ಲ, "ಸಂಗೀತ ಸವಿಯೋಕೆ ನಮಗೆ ಪುರುಸೊತ್ತೇ ಇಲ್ಲ" ಅಂತ, ಅದು ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಎಂಟರ ಹೊತ್ತಿಗೆ ಕೆಲಸಕ್ಕೆ ಓಡುವವರು ನಿಲ್ಲಲಿಲ್ಲ, ಸರಿ. ಕೇಳಿಸಿಕೊಳ್ಳಲೇ ಇಲ್ಲ ಅಂತ ಹೇಗೆ ಹೇಳೋದು? ಅದೇ ರಾಗ ಗುನುಗುತ್ತಾ ಆಫೀಸಿನ ಮೆಟ್ಟಿಲು ಹತ್ತಿದವರನ್ನು ಯಾರು ಎಣಿಸಿದರು?

ನಮ್ಮ ಮದುವೆ ಮನೆಯನ್ನೇ ನೋಡಿ. ಓಲಗದವರ ಮುಂದೆ ಕೂತು, ತಾಳ ಹಾಕಿ ಕೇಳುವವರು ಎಷ್ಟು ಜನ? ಒಬ್ಬರು ಉಪ್ಪಿಟ್ಟಿನ ಕಡೆ, ಇನ್ನೊಬ್ಬರು ಚಪ್ಪಲಿ ಹುಡುಕುವ ಕಡೆ, ಹೆಣ್ಣಿನ ಸೋದರಮಾವ ಫೋನಿನಲ್ಲಿ. ಆದರೂ ಓಲಗದವರು ಮೋಹನ ರಾಗವನ್ನೋ ಕಲ್ಯಾಣಿಯನ್ನೋ ಎಳೆಎಳೆಯಾಗಿ ಬಿಡಿಸುತ್ತಿರುತ್ತಾರೆ. ಮಧ್ಯದಲ್ಲಿ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಬೆರಳು ಆಡಿಸಿದರೆ, ಆಲಾಪನೆ ಎಲ್ಲಿದ್ದರೂ ಅಲ್ಲಿಗೇ ಬಿಟ್ಟು ಜೋರಾಗಿ ಊದಬೇಕು, ಡೋಲು ಬಾರಿಸಬೇಕು. ತಾಳಿ ಕಟ್ಟುವ ಹೊತ್ತಿಗೆ ಸೀನೋ ಅಪಶಬ್ದವೋ ಯಾರ ಕಿವಿಗೂ ಬೀಳಬಾರದಲ್ಲ! ಅದು ಮುಗಿದ ಮೇಲೆ ಮತ್ತೆ ಎಲ್ಲಿಂದ ಎತ್ತಿಕೊಳ್ಳುತ್ತಾರೆ ಅನ್ನೋದನ್ನು ಗಮನಿಸಿ. ಕಛೇರಿಯಲ್ಲಿ ಇಂಥ ಅಡ್ಡಿ ಬಂದರೆ ದೊಡ್ಡ ವಿದ್ವಾಂಸರು ಎದ್ದು ಹೋದಾರು.

ಒಂದು ಮದುವೆಯಲ್ಲಿ ನಾನು ಕೈ ತೊಳೆಯುವ ಜಾಗದಲ್ಲಿ ಸಾಲು ನಿಂತಿದ್ದೆ. ಗೋಡೆಯಾಚೆಯಿಂದ ನಾಗಸ್ವರದಲ್ಲಿ ಹಿಂದೋಳ ಬಂತು. ನನ್ನ ಹಿಂದಿದ್ದ ಹಿರಿಯರೊಬ್ಬರು "ಆಹಾ" ಅಂದು, ತಕ್ಷಣ "ಸ್ವಲ್ಪ ಮುಂದೆ ಹೋಗಿ ಸ್ವಾಮಿ, ನೀರು ಖಾಲಿಯಾಗುತ್ತೆ" ಅಂದರು. ಅವರು ಕೇಳಲಿಲ್ಲ ಅಂತೀರಾ? (ಅಂದಹಾಗೆ, ಇಷ್ಟು ನುಡಿಸಿದವರನ್ನು ಕೊನೆ ಪಂಕ್ತಿಗೆ ತಳ್ಳುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ಅದು ಮೊದಲು ನಿಲ್ಲಲಿ.)

ಸಭೆಯೇ ಇಲ್ಲದ ಸಂಗೀತ ನಮಗೇನು ಹೊಸದಲ್ಲ. ಬೀಸುವ ಪದ, ಕುಟ್ಟುವ ಪದಗಳಿಗೆ ಯಾವ ಸಭೆ ಇತ್ತು? ರಾಗಿ ಬೀಸುತ್ತಾ ಹಾಡಿದರು, ಪಕ್ಕದ ಮನೆಯವರು ಹಟ್ಟಿ ಗುಡಿಸುತ್ತಾ ಕೇಳಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಛೇರಿಗಳನ್ನು ನಡೆಸುತ್ತಿದೆ. ಅಲ್ಲಿ ಪೆಂಡಾಲಿನೊಳಗೆ ಕೂತವರದ್ದು ಒಂದು ಸುಖವಾದರೆ, ತರಕಾರಿ ಚೀಲ ಹಿಡಿದು ಆಚೆ ರಸ್ತೆಯಲ್ಲಿ ಹೋಗುತ್ತಾ ಅರ್ಧ ಪಲ್ಲವಿ ಹಿಡಿದವರದ್ದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಇಷ್ಟ. ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಪು ಕೊಡುವ ಜವಾಬ್ದಾರಿ ಇರೋದಿಲ್ಲ. ಇಯರ್‌ಫೋನ್‌ನಲ್ಲಿ ನಾನೇ ಆರಿಸಿದ ಹಾಡು ಕೇಳುವಾಗ, ಮುಂದಿನದು ಯಾವುದು ಅನ್ನೋ ಯೋಚನೆಯಲ್ಲೇ ಈಗಿನದು ಮುಗಿದಿರುತ್ತದೆ.

ಹಾಗಂತ ಬೇಡದೆ ಕಿವಿಗೆ ಬಿದ್ದದ್ದೆಲ್ಲ ಸಂಗೀತ ಅಂತ ನಾನು ಹೇಳುತ್ತಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಸ್ಪೀಕರ್ ಹಾಕಿ ರೀಲ್ಸ್ ತಿರುಗಿಸುತ್ತಾ ಹೋದರೆ ಯಾವ ಹಾಡೂ ಪಲ್ಲವಿ ದಾಟೋದಿಲ್ಲ. 2021ರಲ್ಲೇ ಕೆಎಸ್‌ಆರ್‌ಟಿಸಿ ಇದನ್ನು ಮಾಡಬಾರದು ಅಂತ ಆದೇಶ ಹೊರಡಿಸಿದೆ, ನೆನಪಿರಲಿ. ಇಷ್ಟು ಹೇಳಿದರೂ ಕೇಳದವರಿಗೆ ನನ್ನದೊಂದೇ ಬೇಡಿಕೆ: ಹಾಕಿದ್ದೇ ಹಾಕಿದ್ದೀರಿ, ಒಂದು ಹಾಡನ್ನಾದರೂ ಪೂರ್ತಿ ಬಿಡಿ ಮಾರಾಯ್ರೇ.